ಗುಲ್ಮದಲ್ಲಿ ಗಂಟು: ತೆಗೆಸಬೇಕಾ, ಸುಮ್ನೆ ಬಿಡಬೇಕಾ?

ಪ್ರಶ್ನೆ: ನನಗೆ 44 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗ್ಯಾಸ್ಟ್ರಿಕ್ ಅಂತ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಗುಲ್ಮದಲ್ಲಿ (ಸ್ಪ್ಲೀನ್) 4.2 ಸೆಂ.ಮೀ. ಗಂಟು ಕಂಡಿತು. ಆಮೇಲೆ ಮಾಡಿಸಿದ ಸಿ.ಟಿ. ರಿಪೋರ್ಟಿನಲ್ಲಿ ‘ಹೆಮಾಂಜಿಯೋಮಾ ಇರಬಹುದು, ಸ್ಯಾಂಟ್ ಇರಬಹುದು, ಲಿಂಫೋಮಾ ಅಲ್ಲವೆಂದು ಹೇಳಲಾಗದು’ ಎಂದಿದೆ. ಒಬ್ಬ ಡಾಕ್ಟರು ಗುಲ್ಮ ಪೂರ್ತಿ ತೆಗೆಸಿಬಿಡಿ, ಅದಿಲ್ಲದೆಯೂ ಬದುಕಬಹುದು ಅಂದರು. ಇನ್ನೊಬ್ಬರು ಸೂಜಿ ಹಾಕಿ ಪರೀಕ್ಷೆಗೆ ಕಳಿಸೋಣ ಅಂದರು. ಜ್ವರ ಇಲ್ಲ, ತೂಕ ಇಳಿದಿಲ್ಲ. ಇದು ಕ್ಯಾನ್ಸರಾ? ಯಾರ ಮಾತು ಕೇಳಲಿ? ಮಗಳಿಗೂ ಸ್ಕ್ಯಾನ್ ಮಾಡಿಸಬೇಕಾ? ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಹೋಗಬಹುದಾ?

ಉತ್ತರ: ಮೇಡಂ, ಮೊದಲು ಆ ರಿಪೋರ್ಟಿನ ಕೊನೆಯ ಮಾತು. ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್. ‘ಅಲ್ಲವೆಂದು ಹೇಳಲಾಗದು’ ಅಂದರೆ ‘ಇದೆ’ ಅಂತ ಅರ್ಥ ಅಲ್ಲ. ರೇಡಿಯಾಲಜಿಸ್ಟ್ ಮುಂದೆ ಬರುವುದು ನಿಮ್ಮ ಹೊಟ್ಟೆಯ ಚಿತ್ರ ಮಾತ್ರ, ನೀವಲ್ಲ. ಜ್ವರ ಬರುತ್ತದೋ, ಹಿಂದೆ ಏನು ಕಾಯಿಲೆ ಇತ್ತೋ ಅವರಿಗೆ ಹೇಳಿದವರಿಲ್ಲ. ಅದಕ್ಕೇ ಬಾಗಿಲನ್ನು ಒಂಚೂರು ತೆರೆದಿಟ್ಟು ಬರೆಯುತ್ತಾರೆ. ಆ ಒಂದು ಸಾಲು ಹಿಡಿದುಕೊಂಡು ಮನೆಮಂದಿಯೆಲ್ಲ ನಿದ್ದೆಗೆಟ್ಟು ಬರುವುದನ್ನು ನನ್ನ ಓಪಿಡಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಗುಲ್ಮದಲ್ಲಿ ಅಕಸ್ಮಾತ್ ಗಂಟು ಕಂಡವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹಿಂದೆ ಕ್ಯಾನ್ಸರ್ ಬಂದಿರದ, ಜ್ವರ, ತೂಕ ಇಳಿಯುವುದು, ಎಡ ಪಕ್ಕೆಯ ಅಥವಾ ಮೇಲುಹೊಟ್ಟೆಯ ನೋವು ಯಾವುದೂ ಇರದವರಲ್ಲಿ ಆ ಗಂಟು ಕ್ಯಾನ್ಸರ್ ಆಗಿದ್ದುದು ನೂರಕ್ಕೆ ಸುಮಾರು ಒಬ್ಬರಿಗೆ. ನೀವು ಗ್ಯಾಸ್ಟ್ರಿಕ್ ಅಂದದ್ದು ಮೇಲುಹೊಟ್ಟೆಯ ನೋವು ಅಲ್ಲದಿದ್ದರೆ, ಬರೆದಿರುವಷ್ಟು ನೋಡಿದರೆ ನೀವು ಈ ಗುಂಪಿನವರು. ಒಬ್ಬರು ಅನ್ನುವುದು ಸೊನ್ನೆ ಅಲ್ಲ, ನಿಜ. ಆದರೆ ನಾಳೆಯೇ ಆಪರೇಷನ್ ಟೇಬಲ್ ಹತ್ತುವಂಥ ಲೆಕ್ಕವೂ ಅಲ್ಲ.

ಇನ್ನು ‘ಅದಿಲ್ಲದೆಯೂ ಬದುಕಬಹುದು’ ಎಂಬ ಮಾತು. ಬದುಕಬಹುದು, ಸುಳ್ಳೇನಲ್ಲ. ಆದರೆ ಗುಲ್ಮ ಸುಮ್ನೆ ಮೂಲೆಯಲ್ಲಿ ಬಿದ್ದಿರುವ ಅಂಗ ಅಲ್ಲ. ಎಡಗಡೆ 9ರಿಂದ 11ನೇ ಪಕ್ಕೆಲುಬಿನ ಹಿಂದೆ ಅಡಗಿ ಕೂತಿರುತ್ತದೆ, ತೂಕ ಸುಮಾರು 150 ಗ್ರಾಂ. ಮಟನ್ ಅಂಗಡಿಯಲ್ಲಿ ಕುರಿಯದ್ದನ್ನು ನೋಡಿದವರಿಗೆ ಗೊತ್ತು: ಕಡುಗೆಂಪು, ಮೆತ್ತಗೆ, ಬೆರಳು ಒತ್ತಿದರೆ ಒಳಗೆ ಹೋದೀತು ಅನ್ನುವ ಹಾಗೆ. ಒಳಗಿನ ಕೆಂಪು ಭಾಗ ಒಂದು ಜರಡಿ. ಸುಮಾರು 120 ದಿನ ಓಡಾಡಿ ಹಳೆಯದಾದ ಕೆಂಪು ರಕ್ತಕಣಗಳು ಸಣ್ಣ ಸೀಳುಗಳಲ್ಲಿ ನುಸುಳಲಾಗದೆ ಇಲ್ಲೇ ಸಿಕ್ಕಿಕೊಳ್ಳುತ್ತವೆ. ಅಲ್ಲಲ್ಲಿ ಚುಕ್ಕಿಗಳಂತಿರುವ ಬಿಳಿ ಭಾಗ ರಕ್ತಕ್ಕೆ ಬರುವ ಬ್ಯಾಕ್ಟೀರಿಯಾಗಳ ಮೇಲೆ ಕಾವಲು ಕಾಯುತ್ತದೆ. ಈ ಕಾವಲಿನ ಬೆಲೆ ಏನು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ರಕ್ತ ತುಂಬಿದ ಅಂಗದಲ್ಲಿ ಹುಟ್ಟುವ ಸಾಧು (ಅಂದರೆ ಕ್ಯಾನ್ಸರ್ ಅಲ್ಲದ) ಗಡ್ಡೆಗಳೂ ಬಹುಪಾಲು ರಕ್ತನಾಳದ ಗಡ್ಡೆಗಳೇ. ಜಾಸ್ತಿ ಕಾಣುವುದು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗೊಂಚಲು. ಸಾಮಾನ್ಯವಾಗಿ ಚಿಕ್ಕದು, ಜೀವಮಾನವೆಲ್ಲ ಸದ್ದಿಲ್ಲದೆ ಇರುವಂಥದ್ದು. ಹ್ಯಾಮಾರ್ಟೋಮಾ ಅಂತ ಇನ್ನೊಂದಿದೆ. 1861ರಲ್ಲೇ ವಿಯೆನ್ನಾದ ಪೆಥಾಲಜಿಸ್ಟ್ ರೊಕಿಟಾನ್ಸ್ಕಿ ಇದನ್ನು ಗುರುತಿಸಿದ್ದರು. ಇದು ಗುಲ್ಮದೊಳಗೊಂದು ಗುಲ್ಮ. ಅದೇ ಅಂಗಾಂಶ, ಜೋಡಣೆ ಮಾತ್ರ ಅಡ್ಡಾದಿಡ್ಡಿ. ಹಾಗಾಗಿ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ಮದ್ದು) ಹಾಕದ ಸಿ.ಟಿ.ಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಅಂಚು ಸ್ವಲ್ಪ ಉಬ್ಬಿದಂತೆ ಇರುತ್ತದೆ ಅಷ್ಟೆ. ಲಿಂಫಾಂಜಿಯೋಮಾ ಮಕ್ಕಳಲ್ಲಿ ಜಾಸ್ತಿ, ತೆಳು ಗೋಡೆಯ ನೀರುಗುಳ್ಳೆಗಳ ಗುಂಪು. ಅದರ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿಮ್ಮ ರಿಪೋರ್ಟಿನಲ್ಲಿರುವ ‘ಸ್ಯಾಂಟ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರ ಪೂರ್ತಿ ಹೆಸರು ಸ್ಕ್ಲಿರೋಸಿಂಗ್ ಆಂಜಿಯೋಮಟಾಯ್ಡ್ ನಾಡ್ಯುಲರ್ ಟ್ರಾನ್ಸ್‌ಫರ್ಮೇಷನ್. ಈ ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ. ಹೆಸರಿಗೆ ಬಹಳ ವಯಸ್ಸೇನೂ ಆಗಿಲ್ಲ. 2004ರಲ್ಲಿ ಮಾರ್ಟೆಲ್ ಮತ್ತು ಜೊತೆಗಾರರು 25 ಜನರಿಂದ ತೆಗೆದ ಗುಲ್ಮಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಲ್ಲಿಯವರೆಗೆ ಇವುಗಳಿಗೆ ಒಬ್ಬರು ಹೆಮಾಂಜಿಯೋಮಾ, ಇನ್ನೊಬ್ಬರು ಹ್ಯಾಮಾರ್ಟೋಮಾ ಅಂತ ತೋಚಿದ ಹೆಸರು ಕೊಡುತ್ತಿದ್ದರು. ಇದು ನಿಜವಾದ ಗಡ್ಡೆಯೇ ಅಲ್ಲ, ಗುಲ್ಮದ ಕೆಂಪು ಭಾಗ ಯಾವುದೋ ಪೆಟ್ಟಿಗೆ ಪ್ರತಿಯಾಗಿ ಗಾಯದ ಗುರುತಿನ ಹಾಗೆ ಗಟ್ಟಿಯಾಗಿದೆ ಎಂಬ ವಾದವೂ ಇದೆ. ಮಧ್ಯ ವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಸಾಮಾನ್ಯವಾಗಿ ಒಂದೇ ಗಂಟು. ತೆಗೆದ ಮೇಲೆ ಮತ್ತೆ ಬರುವುದಿಲ್ಲ, ಬೇರೆ ಕಡೆ ಹರಡುವುದೂ ಇಲ್ಲ.

ಇಂಥದ್ದೊಂದನ್ನು ಟ್ರೇ ಮೇಲಿಟ್ಟು ಕೊಯ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸುತ್ತಲೂ ಬೀಟ್‌ರೂಟ್ ಬಣ್ಣದ ಗುಲ್ಮ. ನಡುವೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ. ಉಂಡೆಯ ಮಧ್ಯದಿಂದ ಬಿಳಿ ನಾರಿನ ಎಳೆಗಳು ನಕ್ಷತ್ರದ ಹಾಗೆ ಹೊರಗೆ ಚಾಚಿಕೊಂಡಿದ್ದವು, ಎಳೆಗಳ ನಡುವೆ ಕಂದು ಕೆಂಪಿನ ಗುಂಡು ಗುಂಡು ಚುಕ್ಕೆಗಳು. ಚಾಕು ಅಲ್ಲಿಗೆ ಬಂದಾಗ ಕರಕರ ಅಂದಿತು, ಅಷ್ಟು ಗಟ್ಟಿ. ಎಂ.ಆರ್.ಐ.ಯಲ್ಲಿ ಕಾಣುವುದೂ ಇದೇ. ಕಾಂಟ್ರಾಸ್ಟ್ ಕೊಟ್ಟಾಗ ಅಂಚಿನಿಂದ ಒಳಕ್ಕೆ ಸೈಕಲ್ ಚಕ್ರದ ಕಡ್ಡಿಗಳಂತೆ ಗೆರೆಗಳು ಮೂಡುತ್ತವೆ, ಹೊತ್ತು ಹೋದಂತೆ ನಿಧಾನವಾಗಿ ಒಳಗೆ ತುಂಬಿಕೊಳ್ಳುತ್ತದೆ. ಟಿ2 ಎನ್ನುವ ಚಿತ್ರದಲ್ಲಿ ಹೆಮಾಂಜಿಯೋಮಾ ಬೆಳ್ಳಗೆ ಹೊಳೆದರೆ ಸ್ಯಾಂಟ್ ಕಪ್ಪಗಿರುತ್ತದೆ. ಕಾರಣ ಆ ನಾರು, ಜೊತೆಗೆ ಹಳೆಯ ರಕ್ತದಿಂದ ಉಳಿದ ಕಬ್ಬಿಣ.

ಹಾಗಾಗಿ ನಿಮ್ಮ ಮುಂದಿನ ಹೆಜ್ಜೆ ಆಪರೇಷನ್ನೂ ಅಲ್ಲ, ಸೂಜಿಯೂ ಅಲ್ಲ. ಕಾಂಟ್ರಾಸ್ಟ್ ಹಾಕಿದ ಎಂ.ಆರ್.ಐ. ತಡವಾದ ಹಂತದ, ಅಂದರೆ ಕಾಂಟ್ರಾಸ್ಟ್ ಕೊಟ್ಟು ಕೆಲವು ನಿಮಿಷ ಬಿಟ್ಟು ತೆಗೆಯುವ ಚಿತ್ರಗಳನ್ನೂ ತೆಗೆಯಿರಿ ಎಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ನಿಮ್ಮ ಸಿ.ಟಿ.ಯನ್ನು ಯಾವ ಹಂತದಲ್ಲಿ ಓದಿದ್ದಾರೆ ಅಂತಲೂ ಕೇಳಿ. ಕಾಂಟ್ರಾಸ್ಟ್ ಕೊಟ್ಟ ಮೊದಲ ಕೆಲವು ಸೆಕೆಂಡು ಆರೋಗ್ಯವಾದ ಗುಲ್ಮವೂ ಜೀಬ್ರಾ ಚರ್ಮದ ಹಾಗೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಒಂದು ನಿಮಿಷ ದಾಟಿದ ಮೇಲೆ ಸಮ ಆಗುತ್ತದೆ. ಆ ಪಟ್ಟೆಗಳನ್ನೇ ಗಂಟು ಅಂದುಕೊಂಡು ಕಳಿಸಿದವರೂ ಇದ್ದಾರೆ. ನಿಮ್ಮದು ಅಲ್ಟ್ರಾಸೌಂಡಿನಲ್ಲೂ ಕಂಡಿರುವುದರಿಂದ ಅದಾಗಿರಲಿಕ್ಕಿಲ್ಲ.

ಎಂ.ಆರ್.ಐ.ಗೂ ಮುಂಚೆ ಮಾಡಬೇಕಾದ, ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸ ಒಂದಿದೆ. ಮನೆಯ ಬೀರು ತೆಗೆದು ಹಳೆಯ ಸ್ಕ್ಯಾನ್ ಹುಡುಕಿ. ಹೆರಿಗೆಯ ಕಾಲದ್ದಲ್ಲ, ಅದರಲ್ಲಿ ಗುಲ್ಮ ನೋಡಿರುವುದು ಅಪರೂಪ. ಕಿಡ್ನಿ ಕಲ್ಲಿಗೋ, ಪಿತ್ತಕೋಶಕ್ಕೋ ಯಾವಾಗಲಾದರೂ ಮಾಡಿಸಿದ್ದು ಇದ್ದರೆ ಚಿನ್ನ. ಆಪರೇಷನ್ ದಿನ ಗೊತ್ತಾಗಿದ್ದ ಒಬ್ಬ ಹೆಂಗಸಿಗೆ ಹೀಗೇ ಹೇಳಿದ್ದೆ. ಅವರ ಯಜಮಾನರು ಎರಡು ದಿನ ಬಿಟ್ಟು ಬಂದರು. ಕೈಯಲ್ಲಿ ಸೀರೆ ಅಂಗಡಿಯ ಕವರು, ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಹಳೆಯ ಫಿಲ್ಮು. ಒಂಬತ್ತು ವರ್ಷದ ಹಿಂದೆ ಕಿಡ್ನಿ ಕಲ್ಲಿಗೆ ತೆಗೆಸಿದ್ದ ಸಿ.ಟಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅದೇ ಗಂಟು, ಅದೇ ಜಾಗ, ಅದೇ ಅಳತೆ. ಆವತ್ತಿನ ರಿಪೋರ್ಟಿನಲ್ಲಿ ಕಲ್ಲಿನ ಬಗ್ಗೆ ಬರೆದಿದ್ದರು, ಗುಲ್ಮದ ಸುದ್ದಿಯೇ ಇರಲಿಲ್ಲ. ಒಂಬತ್ತು ವರ್ಷ ಮಿಸುಕದೆ ಕೂತದ್ದನ್ನು ಈಗ ಎಬ್ಬಿಸುವುದು ಯಾಕೆ? ಆಪರೇಷನ್ ರದ್ದಾಯಿತು. ಗುಲ್ಮದ ಗಂಟಿನ ವಿಷಯದಲ್ಲಿ ನಾನು ಹೆಸರಿಗಿಂತ ನಡತೆಗೆ ಜಾಸ್ತಿ ಬೆಲೆ ಕೊಡುವುದು ಇಂಥ ಕಾರಣಕ್ಕೇ.

ನಡತೆ ಅಂದರೆ ಬೆಳೆಯುತ್ತಿದೆಯಾ, ಮೈಗೆ ಏನಾದರೂ ಮಾಡುತ್ತಿದೆಯಾ ಅನ್ನುವುದು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಇ.ಎಸ್.ಆರ್. (ಮೈಯಲ್ಲಿ ಉರಿಯೂತ ಇದ್ದರೆ ಏರುವುದು), ಎಲ್.ಡಿ.ಎಚ್. (ಜೀವಕೋಶಗಳು ಹಾಳಾದಾಗ ರಕ್ತದಲ್ಲಿ ಏರುವುದು) ನೋಡಿಸಿ. ದೊಡ್ಡ ಹೆಮಾಂಜಿಯೋಮಾ, ಹ್ಯಾಮಾರ್ಟೋಮಾಗಳು ಕೆಲವೊಮ್ಮೆ ಪ್ಲೇಟ್‌ಲೆಟ್ಟನ್ನು ಒಳಗೇ ಹಿಡಿದಿಟ್ಟುಕೊಂಡು ಕಡಿಮೆ ಮಾಡುತ್ತವೆ. ಕತ್ತು, ಕಂಕುಳು, ತೊಡೆಸಂದಿನಲ್ಲಿ ಗಂಟು ಇದೆಯಾ ಎಂದು ಡಾಕ್ಟರ ಕೈಯಲ್ಲಿ ಮುಟ್ಟಿಸಿ ನೋಡಿಸಿಕೊಳ್ಳಿ. ಇಷ್ಟೆಲ್ಲ ಸ್ಕ್ಯಾನಿನ ಕಾಲದಲ್ಲಿ ಮುಟ್ಟಿ ನೋಡುವುದೇ ಮರೆತುಹೋಗುತ್ತಿದೆ! ಲಿಂಫೋಮಾ ಆಗಿದ್ದರೆ ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಜ್ವರ, ತೂಕ ಇಳಿಕೆ, ಬೇರೆ ಕಡೆಯೂ ಗಂಟು, ಏರಿದ ಎಲ್.ಡಿ.ಎಚ್. ಇವುಗಳಲ್ಲಿ ಏನಾದರೊಂದು ಸುಳಿವು ಹೆಚ್ಚಿನವರಲ್ಲಿ ಸಿಗುತ್ತದೆ.

ಗಡ್ಡೆಯ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಕ್ಷಯ ಗುಲ್ಮದಲ್ಲೂ ಕೂರುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಸಕ್ಕರೆ ಕಾಯಿಲೆಯವರು ಮಳೆಗಾಲದಲ್ಲಿ ಜ್ವರ ಅಂತ ಬಂದು ಗುಲ್ಮದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡರೆ ಮೆಲಿಯಾಯ್ಡೋಸಿಸ್ ನೆನಪಾಗಬೇಕು. ಅದು ಮಣ್ಣು, ನೀರಿನಿಂದ ಬರುವ ಸೋಂಕು, ಅದರಿಂದ ಆಗುವುದು ಕೀವು, ಗಡ್ಡೆ ಅಲ್ಲ. ಕುರಿ, ನಾಯಿ ಜೊತೆಯಲ್ಲೇ ಬದುಕುವವರಲ್ಲಿ ಹೈಡಾಟಿಡ್ ಗುಳ್ಳೆ ಬರುತ್ತದೆ. ಇದು ನಾಯಿಯ ಕರುಳಿನ ಲಾಡಿಹುಳುವಿನ ಮರಿ ಕಟ್ಟಿಕೊಂಡ ನೀರಿನ ಚೀಲ. ಇದಕ್ಕೆ ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ಒಳಗಿನ ನೀರು ಹೊಟ್ಟೆಗೆ ಚೆಲ್ಲಿ ಹುಳು ಹರಡಬಹುದು, ಕೆಲವರಿಗೆ ಅಲ್ಲೇ ಬಿ.ಪಿ. ಕುಸಿದು ಪ್ರಾಣಕ್ಕೆ ಬರುವಂಥ ಅಲರ್ಜಿ ಆಗಬಹುದು. ನೀರು ತುಂಬಿದ ಗುಳ್ಳೆ ಅನ್ನಿಸಿದರೆ ಮೊದಲು ಹೈಡಾಟಿಡ್ ರಕ್ತ ಪರೀಕ್ಷೆ, ಆಮೇಲೆ ಉಳಿದ ಮಾತು.

ಸೂಜಿ ಪರೀಕ್ಷೆಗೆ ಬರೋಣ. ಗುಲ್ಮಕ್ಕೆ ಸೂಜಿ ಹಾಕಲೇಬಾರದು ಅಂತ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ರಕ್ತ ನಿಲ್ಲುವುದಿಲ್ಲ ಅಂತ. ಈಗ ಅಷ್ಟು ಭಯ ಇಲ್ಲ. ಪಳಗಿದ ಕೈ, ತೆಳು ಸೂಜಿ, ಅಲ್ಟ್ರಾಸೌಂಡ್ ಕಣ್ಗಾವಲು ಇದ್ದರೆ ದೊಡ್ಡ ತೊಂದರೆ ಆಗುವುದು ನೂರರಲ್ಲಿ ಒಬ್ಬರಿಬ್ಬರಿಗೆ. ಲಿಂಫೋಮಾ ಅಥವಾ ಬೇರೆ ಕಡೆಯ ಕ್ಯಾನ್ಸರ್ ಇಲ್ಲಿಗೆ ಹರಡಿದೆ ಎಂಬ ಗಟ್ಟಿ ಅನುಮಾನ ಇದ್ದಾಗ ನಾನೇ ಸೂಜಿ ಹಾಕಿಸುತ್ತೇನೆ. ಯಾಕೆಂದರೆ ಅಲ್ಲಿ ಮದ್ದು ಬೇರೆ, ಗುಲ್ಮ ತೆಗೆಯುವುದಲ್ಲ. ಆದರೆ ರಕ್ತನಾಳದ ಗಡ್ಡೆಯಲ್ಲಿ ಸೂಜಿಗೆ ಬರುವುದು ಬರೀ ರಕ್ತ, ಜೊತೆಗೆ ನಾಲ್ಕಾರು ಜೀವಕೋಶ. ಪೆಥಾಲಜಿಸ್ಟ್ ಅದರಲ್ಲಿ ಏನು ಹೇಳಿಯಾರು? ಈ ಗಡ್ಡೆಗಳನ್ನು ಬೇರೆ ಮಾಡುವುದು ವಿಶೇಷ ಬಣ್ಣ ಹಾಕಿ. ಸಿಡಿ8 ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣ ಹ್ಯಾಮಾರ್ಟೋಮಾದ ನಾಳಗಳಲ್ಲಿ ಹತ್ತುತ್ತದೆ, ಹೆಮಾಂಜಿಯೋಮಾದಲ್ಲಿ ಹತ್ತುವುದಿಲ್ಲ. ಸ್ಯಾಂಟಿನಲ್ಲಿ ಮೂರು ಬಗೆಯ ನಾಳಗಳು ಕಲಸಿಕೊಂಡಿರುವುದರಿಂದ ಅಲ್ಲಲ್ಲಿ ಹತ್ತುತ್ತದೆ. ಇಷ್ಟು ನೋಡಲು ದೊಡ್ಡ ತುಂಡೇ ಬೇಕು. ನಿಮಗೆ ಈಗ ಸೂಜಿ ಬೇಡ ಅನ್ನುತ್ತೇನೆ. ಎಂ.ಆರ್.ಐ. ನೋಡಿದ ಮೇಲೂ ಅನುಮಾನ ಉಳಿದರೆ ಆಗ ಯೋಚನೆ ಮಾಡೋಣ.

ಯಾರಾದರೂ ಪೆಟ್ ಸ್ಕ್ಯಾನ್ (ಸಕ್ಕರೆಯನ್ನು ಜಾಸ್ತಿ ಹೀರುವ ಜಾಗ ಹೊಳೆದು ಕಾಣುವ ಸ್ಕ್ಯಾನ್) ಮಾಡಿಸಿ ಅಂತಲೂ ಹೇಳಬಹುದು. ಸ್ಯಾಂಟ್ ಕೂಡ ಪೆಟ್‌ನಲ್ಲಿ ಸ್ವಲ್ಪ ಹೊಳೆಯುತ್ತದೆ, ಕ್ಷಯವಂತೂ ಚೆನ್ನಾಗಿಯೇ ಹೊಳೆಯುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಂದುಕೊಂಡರೆ ಹೊಸ ಗಾಬರಿಗೆ ದುಡ್ಡು ಕೊಟ್ಟ ಹಾಗೆ. ನಿಮ್ಮ ಸ್ಥಿತಿಯಲ್ಲಿ ಮೊದಲ ಸಾಲಿನ ಪರೀಕ್ಷೆ ಅದಲ್ಲ.

ಎಂ.ಆರ್.ಐ. ನಿಮ್ಮದು ಸಾಧು ಗಡ್ಡೆ ಅನ್ನುವ ಹಾಗಿದ್ದು, ರಕ್ತ ಪರೀಕ್ಷೆಗಳೂ ಸರಿ ಇದ್ದರೆ ನಾನು ಸುಮ್ನೆ ಬಿಡುತ್ತೇನೆ. ಸುಮ್ನೆ ಅಂದರೆ ಮರೆತುಬಿಡುವುದಲ್ಲ. ಆರು ತಿಂಗಳಾದ ಮೇಲೆ ಒಂದು, ವರ್ಷವಾದ ಮೇಲೆ ಒಂದು ಸ್ಕ್ಯಾನ್, ಅದೇ ಮೆಷಿನ್ ಆದರೆ ಒಳ್ಳೆಯದು. ಬೆಳೆದಿಲ್ಲ ಅಂದರೆ ಅಲ್ಲಿಂದ ಮುಂದೆ ಅಲ್ಟ್ರಾಸೌಂಡ್ ಸಾಕು, ಅದೂ ಅಪರೂಪಕ್ಕೆ. 4.2 ಸೆಂ.ಮೀ. ಸ್ವಲ್ಪ ಗಡಿಯಲ್ಲಿರುವ ಅಳತೆ, ಒಪ್ಪುತ್ತೇನೆ. ದೊಡ್ಡ ಹೆಮಾಂಜಿಯೋಮಾ ಒಡೆದು ಹೊಟ್ಟೆಯೊಳಗೆ ರಕ್ತ ಸೋರುವ ಭಯದಿಂದ ಕೆಲವು ಸರ್ಜನ್‌ಗಳು ನಾಲ್ಕೈದು ಸೆಂಟಿಮೀಟರ್ ದಾಟಿದರೆ ತೆಗೆಯಲು ಒಲವು ತೋರಿಸುತ್ತಾರೆ. ಆದರೆ ಇಷ್ಟೇ ಅಳತೆಗೆ ತೆಗೆಯಬೇಕು ಅನ್ನುವ, ಎಲ್ಲರೂ ಒಪ್ಪಿದ ಗೆರೆ ಇಲ್ಲ. ಗಂಟು ಅಂಚಿನಲ್ಲಿ ಹೊರಗೆ ಉಬ್ಬಿದೆಯಾ, ನಡುವೆ ಹುದುಗಿದೆಯಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ತೆಗೆಯಲೇಬೇಕು ಅನ್ನುವ ಸಂದರ್ಭಗಳೂ ಇವೆ. ಬೆಳೆಯುತ್ತಿದ್ದರೆ, ನೋವು ಕೊಡುತ್ತಿದ್ದರೆ, ಪ್ಲೇಟ್‌ಲೆಟ್ ಇಳಿಸುತ್ತಿದ್ದರೆ, ಚಿತ್ರ ನೋಡಿ ಸಾಧು ಅಂತ ಧೈರ್ಯವಾಗಿ ಹೇಳಲಾಗದಿದ್ದರೆ. ಲಿಟ್ಟೊರಲ್ ಸೆಲ್ ಆಂಜಿಯೋಮಾ ಅನ್ನುವ ಅನುಮಾನ ಇದ್ದಾಗಲೂ ತೆಗೆಯುವುದೇ ವಾಡಿಕೆ. ಲಿಟ್ಟೊರಲ್ ಅಂದರೆ ದಂಡೆ. ಗುಲ್ಮದ ರಕ್ತದ ಕಾಲುವೆಗಳ ದಂಡೆಯಲ್ಲಿರುವ ಕೋಶಗಳಿಂದ ಹುಟ್ಟುತ್ತದೆ, 1991ರಲ್ಲಿ ಗುರುತಿಸಿದ್ದು. ಸಾಮಾನ್ಯವಾಗಿ ಒಂದಲ್ಲ, ಗುಲ್ಮದ ತುಂಬ ಹಲವು ಗಂಟುಗಳು. ತಾನು ಸಾಧುವಾದರೂ ಇದರ ಜೊತೆ ದೇಹದಲ್ಲಿ ಬೇರೆಲ್ಲೋ ಕ್ಯಾನ್ಸರ್ ಇದ್ದದ್ದು ಹಲವರಲ್ಲಿ ವರದಿಯಾಗಿದೆ. ಅದಕ್ಕೇ ಕರುಳು, ಕಿಡ್ನಿ ಎಲ್ಲ ನೋಡಿ ಬಿಡುತ್ತೇವೆ. ನಿಮ್ಮದು ಒಂಟಿ ಗಂಟು.

ಗುಲ್ಮವನ್ನು ಲ್ಯಾಪರೋಸ್ಕೋಪಿಯಲ್ಲಿ ತೆಗೆಯುವುದು 1991ರ ಸುಮಾರಿಗೆ ಶುರುವಾಯಿತು, ಈಗ ಅದೇ ರೂಢಿ. ಮೊದಲು ಒಂದು ಮಾತು ಕೇಳಿ: ‘ಪೂರ್ತಿ ತೆಗೆಯಬೇಕಾ, ಅರ್ಧ ಉಳಿಸಲಾಗುತ್ತದಾ?’ ಗಂಟು ಮೇಲಿನ ಅಥವಾ ಕೆಳಗಿನ ತುದಿಯಲ್ಲಿದ್ದರೆ ಆ ಭಾಗ ಮಾತ್ರ ತೆಗೆಯಬಹುದು. ಕಾಲು ಭಾಗ ಗುಲ್ಮ ಉಳಿದರೂ ಕಾವಲಿನ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಎಲ್ಲ ಸರ್ಜನ್‌ಗಳಿಗೂ ಅಭ್ಯಾಸ ಇರುವುದಿಲ್ಲ, ಇರುವವರ ಹತ್ತಿರ ಹೋಗಿ. ಇನ್ನೊಂದು ಮಾತೂ ಕೇಳಿ. ಸಣ್ಣ ತೂತಿನಿಂದ ಹೊರತರಲು ಕೆಲವೊಮ್ಮೆ ಗುಲ್ಮವನ್ನು ಚೀಲದೊಳಗೇ ಪುಡಿಮಾಡಿ ಎಳೆಯುತ್ತಾರೆ. ಗಡ್ಡೆ ಯಾವುದು ಅಂತ ಗೊತ್ತಿಲ್ಲದಿದ್ದಾಗ ಹಾಗೆ ಮಾಡಬಾರದು. ಎರಡಿಂಚು ಗಾಯ ಜಾಸ್ತಿಯಾದರೂ ಪರವಾಗಿಲ್ಲ, ಇಡಿಯಾಗಿ ಹೊರಬರಲಿ. ಪುಡಿಯಾದ ಗುಲ್ಮದಲ್ಲಿ ಆ ಸೈಕಲ್ ಚಕ್ರ ಹುಡುಕುವುದು ಹೇಗೆ ಅಲ್ವಾ?

ಈಗ ಕಾವಲಿನ ಬೆಲೆ. ಗುಲ್ಮ ತೆಗೆದ ಹಸುಗೂಸುಗಳಲ್ಲಿ ಭಾರೀ ಸೋಂಕು ಕಾಣಿಸಿಕೊಂಡದ್ದನ್ನು 1952ರಲ್ಲಿ ಕಿಂಗ್ ಮತ್ತು ಶೂಮೇಕರ್ ಎಂಬ ಸರ್ಜನ್‌ಗಳು ಬರೆದ ಮೇಲೆ ಡಾಕ್ಟರರ ಕಣ್ಣು ತೆರೆಯಿತು. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ತಡೆಯುವವರು ಯಾರೂ ಇರುವುದಿಲ್ಲ. ಬೆಳಿಗ್ಗೆ ಫ್ಲೂ ಥರ ಶುರುವಾದ ಜ್ವರ ರಾತ್ರಿಯೊಳಗೆ ಐಸಿಯು ಮುಟ್ಟಿಸಬಹುದು. ಇದು ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಮೊದಲ ಎರಡು ಮೂರು ವರ್ಷ ಅಪಾಯ ಜಾಸ್ತಿ, ಪೂರ್ತಿ ಹೋಗುವುದು ಮಾತ್ರ ಯಾವತ್ತೂ ಇಲ್ಲ. ಆದ್ದರಿಂದ ಆಪರೇಷನ್‌ಗೆ ಕನಿಷ್ಠ ಎರಡು ವಾರ ಮುಂಚೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ (ಹಿಮೊಫಿಲಸ್ ಇನ್‌ಫ್ಲುಯೆಂಜಾ ಬಿ ಎಂಬ ಬ್ಯಾಕ್ಟೀರಿಯಾ) ಲಸಿಕೆಗಳು ಆಗಿರಬೇಕು, ಫ್ಲೂ ಲಸಿಕೆ ವರ್ಷವರ್ಷವೂ ಬೇಕು. ಆಪರೇಷನ್ ದಿನ ಬರೆದುಕೊಟ್ಟು ಲಸಿಕೆಯ ಮಾತೇ ಎತ್ತದ ಡಾಕ್ಟರು ಸಿಕ್ಕರೆ ನೀವೇ ಎತ್ತಿ. ಆಮೇಲೆ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಡಾಕ್ಟರು ಮೊದಲೇ ಕೊಟ್ಟಿರುವ ಆಂಟಿಬಯಾಟಿಕ್ ತೆಗೆದುಕೊಂಡು ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ನಾಯಿ ಕಚ್ಚಿದರೂ ಹಾಗೇ, ರೇಬೀಸ್ ಚುಚ್ಚುಮದ್ದಿನ ಜೊತೆ ಆಂಟಿಬಯಾಟಿಕ್ ಬೇಕೇ ಬೇಕು. ನಾಯಿಯ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ಗುಲ್ಮ ಇಲ್ಲದವರಿಗೆ ಪ್ರಾಣಾಂತಿಕ. ಮಲೇರಿಯಾ ಕೂಡ ಇವರಿಗೆ ಜೋರಾಗಿಯೇ ಬರುತ್ತದೆ.

ತಮಾಷೆಯೆಂದರೆ ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಗುಲ್ಮದ ಪಕ್ಕದಲ್ಲಿ ಗೋಲಿಯಷ್ಟು ದೊಡ್ಡ ಮರಿಗುಲ್ಮ ಇರುತ್ತದೆ. ಅದಿದ್ದರೆ ಸಾಕು ಅಂದುಕೊಂಡು ಲಸಿಕೆ ಬಿಡಬೇಡಿ, ಅದರ ಕಾವಲು ನಂಬುವಂಥದ್ದಲ್ಲ.

ಪಪ್ಪಾಯಿ ಎಲೆ ರಸ, ಕಷಾಯ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಈ ಗಂಟನ್ನು ಕರಗಿಸುವ ಮಾತ್ರೆಯಾಗಲಿ, ಪಥ್ಯವಾಗಲಿ ಇಲ್ಲ. ಊಟ ಎಂದಿನಂತೆ ಮಾಡಿ. ಗ್ಯಾಸ್ಟ್ರಿಕ್ ತೊಂದರೆಗೂ ಈ ಗಂಟಿಗೂ ಬಹುಶಃ ಸಂಬಂಧ ಇಲ್ಲ, ಅದಕ್ಕೆ ಬೇರೆಯಾಗಿಯೇ ಮದ್ದು ಮಾಡಿಸಿಕೊಳ್ಳಿ.

ಮಗಳ ವಿಷಯ: ನಿಮ್ಮ ರಿಪೋರ್ಟಿನಲ್ಲಿ ಬರೆದಿರುವ ಗಡ್ಡೆಗಳು ವಂಶದಲ್ಲಿ ಇಳಿದು ಬರುವಂಥವಲ್ಲ. ಅವಳಿಗೆ ಸ್ಕ್ಯಾನ್ ಬೇಡ. ಪ್ರವಾಸಕ್ಕೆ ಹೋಗಿ ಬನ್ನಿ. ಅಷ್ಟರೊಳಗೆ ಎಂ.ಆರ್.ಐ. ಮುಗಿದಿರಲಿ. ಬಸ್ಸಿನಲ್ಲಿ ಬಾಗಿಲ ಪಕ್ಕ ನಿಂತು ಮಕ್ಕಳನ್ನು ಎಣಿಸುವ ಕೆಲಸ ಬೇರೆಯವರಿಗೆ ಕೊಡಿ, ಬ್ರೇಕ್ ಹಾಕಿದಾಗ ಎಡ ಪಕ್ಕೆಗೆ ಕಂಬಿ ಬಡಿಯುವುದು ಬೇಡ. ಪಕ್ಕೆಗೆ ಜೋರು ಪೆಟ್ಟು ಬಿದ್ದು ತಲೆ ಸುತ್ತಿದರೆ, ಅಥವಾ ಎಡ ಭುಜದ ತುದಿಯಲ್ಲಿ ಇದ್ದಕ್ಕಿದ್ದಂತೆ ನೋವು ಶುರುವಾದರೆ, ಊರು ಯಾವುದೇ ಇರಲಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ‘ಗುಲ್ಮದಲ್ಲಿ ಗಂಟು ಇದೆ’ ಎಂದು ಮೊದಲು ಹೇಳಿ. ರಿಪೋರ್ಟಿನ ಒಂದು ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡಿರಿ.